ಮಕ್ಕಳಾಗದ ಕಾರಣವನ್ನು ಶೋಧಿಸುವ ಕ್ರಮ



ಮದುವೆಯಾಗಿ ಎರಡು ಮೂರು ವರುಷಗಳು ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದೆ ಹೋದರೆ ನಮ್ಮ ಹಳ್ಳಿಗಳಲ್ಲಿ ಏನು ನಡೆಯುತ್ತದೆಂಬದನ್ನು ನಾವೆಲ್ಲರೂ ಬಲ್ಲೆವು. ಮೊದಲು ಅತ್ತೆ ಕೇಳುತ್ತಾಳೆ, ಆ ಮೇಲೆ ನಾದಿನಿ ಕೇಳುತ್ತಾಳೆ, ಕಡೆಗೆ ನೆರೆಹೊರೆಯವರ ಬಾಯಲ್ಲಿಯೂ ಅದೇ ಮಾತಾಗುತ್ತದೆ. ಇವರೆಲ್ಲರೂ ಕೇಳುವದು ಹೆಂಡತಿಯನ್ನೇ. ಗಂಡನನ್ನು ಕೇಳುವವರು ಒಬ್ಬರೂ ಇಲ್ಲ. ಅವಳನ್ನೇ ವೈದ್ಯರ ಬಳಿಗೆ ಕರಕೊಂಡು ಹೋಗುವರು, ಅವಳ ರಕ್ತವನ್ನೇ ಪರೀಕ್ಷಿಸುವರು, ಅವಳಿಗೇ ಮಾತ್ರೆ ಕೊಡಿಸುವರು. ಕೊನೆಗೆ, "ಎಲ್ಲವೂ ಸರಿಯಾಗಿಯೇ ಇದೆ, ಕಾರಣ ಕಾಣುವದಿಲ್ಲ" ಎಂಬ ಉತ್ತರ ಬಂದರೆ ಮನೆಯವರಿಗೆ ಸಮಾಧಾನವಾಗುವದಕ್ಕೆ ಬದಲಾಗಿ ಹೊಸ ಸಂಶಯ ಹುಟ್ಟುತ್ತದೆ. ವೈದ್ಯರಿಗೂ ಕಾಣದ ಕಾರಣವಾದರೆ ಅದು ಶಾಪವಾಗಿರಬೇಕು, ಇಲ್ಲವೆ ಅವಳ ಗುಪ್ತ ಪಾಪದ ಫಲವಾಗಿರಬೇಕು ಎಂದು ಹೇಳುವವರು ಸಭೆಯೊಳಗೂ ಇದ್ದಾರೆ. ಹೀಗೆ ಹೇಳಿ ಹೇಳಿ ಅವಳನ್ನು ತವರಿಗೆ ಕಳುಹಿಸಿಬಿಟ್ಟ ಮನೆಗಳೂ ಉಂಟು.

ಆದದರಿಂದ ಈ ತಿಂಗಳ ಪಾಠದಲ್ಲಿ ಮೂರು ಸಂಗತಿಗಳನ್ನು ವಿಚಾರಿಸೋಣ. "ಕಾರಣ ಕಾಣಲಿಲ್ಲ" ಎಂದು ಹೇಳುವದಕ್ಕೆ ಮುಂಚೆ ಏನೇನನ್ನು ನೋಡಿರಬೇಕು? ಹಾಗೆ ಹೇಳಿದ ಮೇಲೆ ಆ ಮಾತಿನ ಅರ್ಥವೇನು? ಆ ಮೇಲೆ ದಂಪತಿಗಳು ಮಾಡತಕ್ಕದ್ದೇನು? ಇವೆಲ್ಲಕ್ಕೂ ಬುಡದಲ್ಲಿರುವ ಮಾತು ಒಂದೇ. ಮಕ್ಕಳಾಗದಿರುವದು ಒಬ್ಬರ ರೋಗವಲ್ಲ, ಇಬ್ಬರ ಸ್ಥಿತಿ. ಇಬ್ಬರ ದೇಹವನ್ನೂ ಕಾಲವನ್ನೂ ಕೆಲಸವನ್ನೂ ಅಭ್ಯಾಸಗಳನ್ನೂ ಮನಸ್ಸನ್ನೂ ಕೂಡಿಸಿ ನೋಡದ ಹೊರತು ಶೋಧನೆಯು ಪೂರ್ಣವಾಯಿತೆಂದು ಹೇಳಕೂಡದು.

1. ಹೊಲದ ಹೋಲಿಕೆಯಲ್ಲಿರುವ ತಪ್ಪು

ಹೆಂಗಸು ಹೊಲ, ಗಂಡಸು ಬೀಜ ಎಂಬ ಹೋಲಿಕೆಯು ನಮ್ಮ ಜನರಲ್ಲಿ ಬಹು ಹಳೆಯದು. ಬೆಳೆ ಬಾರದಿದ್ದರೆ ಹೊಲ ಬಂಜರು ಎಂದು ಹೇಳುವದು ಸುಲಭವಾದದರಿಂದ ದೋಷವೆಲ್ಲವೂ ಹೆಂಗಸಿನ ಮೇಲೆ ಬೀಳುತ್ತದೆ. ಆದರೆ ಈ ಹೋಲಿಕೆಯೇ ಸರಿಯಲ್ಲ. 1827ನೆಯ ಇಸವಿಯಲ್ಲಿ ಬೇರ್ ಎಂಬ ಜರ್ಮನ್ ಪಂಡಿತನು ಒಂದು ನಾಯಿಯ ಅಂಡಾಶಯವನ್ನು ಸೂಕ್ಷ್ಮದರ್ಶಕದಿಂದ ನೋಡಿ, ಮೊಲೆಯುಣ್ಣಿಸುವ ಪ್ರಾಣಿಗಳಲ್ಲಿ ಹೆಣ್ಣಿಗೂ ಅಂಡವುಂಟೆಂದು ತೋರಿಸಿದನು. ಅಂದರೆ ಅರ್ಧ ಬೀಜವು ಹೆಣ್ಣಿನದೇ ಆಗಿದೆ. ಅವಳು ಬರೇ ಹೊಲವಲ್ಲ, ಅವನು ಬರೇ ಬಿತ್ತುವವನಲ್ಲ. ಎರಡು ಅರ್ಧಗಳು ತಕ್ಕ ಸಮಯದಲ್ಲಿ ತಕ್ಕ ಸ್ಥಳದಲ್ಲಿ ಕೂಡಬೇಕು. ಕೂಡಿದ ಮೇಲೆ ಅದು ಗರ್ಭಕೋಶದಲ್ಲಿ ನೆಲೆಗೊಳ್ಳಬೇಕು.

ಎರಡೆತ್ತಿನ ಬಂಡಿಯು ದಾರಿಯಲ್ಲಿ ನಿಂತುಹೋದರೆ ಬುದ್ಧಿವಂತನಾದ ರೈತನು ಎಡಗಡೆಯ ಎತ್ತನ್ನು ಮಾತ್ರ ಹೊಡೆಯುವದಿಲ್ಲ. ಎರಡು ಎತ್ತುಗಳ ಕಾಲುಗಳನ್ನೂ ನೋಡುತ್ತಾನೆ, ನೊಗವನ್ನು ನೋಡುತ್ತಾನೆ, ಗಾಲಿಯನ್ನೂ ಅಚ್ಚನ್ನೂ ನೋಡುತ್ತಾನೆ, ದಾರಿಯಲ್ಲಿ ಕೆಸರಿದೆಯೋ ಎಂದು ನೋಡುತ್ತಾನೆ. ಬಂಡಿಗೆ ಇಷ್ಟು ವಿಚಾರವಿರುವಲ್ಲಿ ದಾಂಪತ್ಯಕ್ಕೆ ಅದಕ್ಕಿಂತ ಕಡಿಮೆ ಸಾಕೇ?

2. ಮೊದಲು ಕಾಲವನ್ನು ಲೆಕ್ಕಿಸಬೇಕು

ಗಂಡಹೆಂಡಿರು ಒಟ್ಟಾಗಿದ್ದು, ತಡೆಯುವ ಉಪಾಯ ಯಾವದನ್ನೂ ಮಾಡದೆ, ಕ್ರಮವಾಗಿ ಕೂಡುತ್ತ 12 ತಿಂಗಳು ಕಳೆದರೂ ಗರ್ಭ ನಿಲ್ಲದಿದ್ದರೆ ಆಗ ಮಾತ್ರ ಅದನ್ನು ಶೋಧಿಸತಕ್ಕ ಸ್ಥಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಇಂಥ ಸ್ಥಿತಿಯು ಅಪರೂಪವಾದದ್ದಲ್ಲ. ಲೋಕದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆಂದು ಅದೇ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ಹೆಂಡತಿಗೆ 40 ವರುಷ ತುಂಬದ ನೂರು ದಂಪತಿಗಳಲ್ಲಿ 80ಕ್ಕಿಂತ ಹೆಚ್ಚು ಮಂದಿಗೆ ಮೊದಲನೆಯ ವರುಷದಲ್ಲಿ ಗರ್ಭವಾಗುತ್ತದೆ. ಉಳಿದವರಲ್ಲಿ ಸುಮಾರು ಅರ್ಧ ಮಂದಿಗೆ ಎರಡನೆಯ ವರುಷದಲ್ಲಿ ಆಗುತ್ತದೆ. ಆದದರಿಂದ ಮದುವೆಯಾದ ಆರನೆಯ ತಿಂಗಳಲ್ಲಿಯೇ ಎಳೆಯ ಸೊಸೆಯನ್ನು ಬಂಜೆಯೆಂದು ಕರೆಯುವದು ಅಜ್ಞಾನವೂ ಕ್ರೂರತನವೂ ಆಗಿದೆ.

ಇದಕ್ಕೆ ಒಂದು ಮಿತಿಯುಂಟು. ಹೆಣ್ಣು ತನ್ನ ಅಂಡಗಳೆಲ್ಲವನ್ನೂ ಹುಟ್ಟುವಾಗಲೇ ಹೊತ್ತುಕೊಂಡು ಬಂದಿರುತ್ತಾಳೆ. ಆ ಮೇಲೆ ಹೊಸವು ಹುಟ್ಟುವದಿಲ್ಲ. 35 ವರುಷಗಳ ನಂತರ ಅವುಗಳ ಸಂಖ್ಯೆಯೂ ಗುಣವೂ ಬೇಗಬೇಗನೆ ಕುಂದುತ್ತವೆ. ಆದಕಾರಣ ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಕಾದರೆ ಸಾಕು; 40 ದಾಟಿದ್ದರೆ ಕಾಯದೆ ವೈದ್ಯರನ್ನು ಕಾಣತಕ್ಕದ್ದು. ಮುಟ್ಟು ತಪ್ಪಿತಪ್ಪಿ ಬರುವವಳೂ, ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಲಿ ಕ್ಷಯವಾಗಲಿ ಆದವಳೂ, ವೃಷಣಕ್ಕೆ ರೋಗವೋ ಪೆಟ್ಟೋ ಆದ ಗಂಡನೂ ವರುಷ ತುಂಬುವ ವರೆಗೆ ಕಾಯಬಾರದು.

ಇನ್ನು, 'ಒಟ್ಟಾಗಿದ್ದು' ಎಂಬ ಮಾತನ್ನು ಗಮನಿಸಿರಿ. ಕರಾವಳಿಯ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿದ್ದಾರೆ. ಬಯಲುಸೀಮೆಯವರು ಬೆಂಗಳೂರಿಗೂ ಗೋವೆಗೂ ಮುಂಬಯಿಗೂ ದುಡಿಯುವದಕ್ಕೆ ಹೋಗುತ್ತಾರೆ. ಮದುವೆಯಾಗಿ ನಾಲ್ಕು ವರುಷಗಳಾಗಿರಬಹುದು. ಕೂಡಿ ಬಾಳಿದ್ದನ್ನು ಲೆಕ್ಕಿಸಿದರೆ ನಾಲ್ಕು ತಿಂಗಳು ಕೂಡ ಆಗಿರಲಿಕ್ಕಿಲ್ಲ. ಇಂಥಲ್ಲಿ ಔಷಧಕ್ಕಿಂತ ಮುಂಚೆ ಪಂಚಾಂಗವನ್ನು ನೋಡುವದು ಒಳ್ಳೇದು.

ತಿಂಗಳಲ್ಲಿಯೂ ಎಲ್ಲಾ ದಿನಗಳು ಒಂದೇ ತರವಲ್ಲ. 1920ರ ದಶಕದಲ್ಲಿ ಜಪಾನಿನ ಓಗಿನೋ ಎಂಬ ವೈದ್ಯನೂ ಆಸ್ಟ್ರಿಯದ ಕ್ನಾವುಸ್ ಎಂಬ ವೈದ್ಯನೂ ಬೇರೆಬೇರೆಯಾಗಿ ವಿಚಾರಿಸಿ, ಅಂಡವು ಹೊರಬೀಳುವದು ಮುಂದಿನ ಮುಟ್ಟಿಗೆ ಸುಮಾರು 14 ದಿನಗಳ ಮುಂಚೆ ಎಂದು ಕಂಡರು. ಅಂಡವು ಒಂದು ದಿನಕ್ಕಿಂತ ಹೆಚ್ಚು ಬಾಳದು. ವೀರ್ಯಾಣುಗಳು ಐದು ದಿನಗಳ ವರೆಗೆ ಬಾಳಬಹುದು. ಆದದರಿಂದ ಗರ್ಭ ನಿಲ್ಲುವ ದಿನಗಳು, ಅಂಡ ಬೀಳುವ ದಿನವೂ ಅದಕ್ಕೆ ಮುಂಚಿನ ಐದು ದಿನಗಳೂ ಕೂಡಿ ಆರೇ. 28 ದಿನಗಳಿಗೊಮ್ಮೆ ಮುಟ್ಟಾಗುವವಳಿಗೆ ಇವು ಹೆಚ್ಚುಕಡಿಮೆ 9ನೆಯ ದಿನದಿಂದ 14ನೆಯ ದಿನದ ವರೆಗೆ ಬರುತ್ತವೆ. 35 ದಿನಗಳಿಗೊಮ್ಮೆ ಆಗುವವಳಿಗೆ 16ರಿಂದ 21ರ ವರೆಗೆ ಬರುತ್ತವೆ. ಮುಟ್ಟು ನಿಂತ ಕೂಡಲೆ ನಾಲ್ಕು ದಿನ ಕೂಡಿ ಆ ಮೇಲೆ ಬಿಟ್ಟುಬಿಡುವವರು ಈ ದಿನಗಳನ್ನು ತಪ್ಪಿಸಿಕೊಳ್ಳುತ್ತಾರೆ. ದಿನಗಳನ್ನು ಎಣಿಸಿ ಚಿಂತೆಪಡುವದಕ್ಕಿಂತ ಎರಡು ಮೂರು ದಿನಗಳಿಗೊಮ್ಮೆ ಕೂಡುತ್ತಿದ್ದರೆ ಸಾಕು. ಆ ಆರು ದಿನಗಳು ತಾವಾಗಿಯೇ ಅದರಲ್ಲಿ ಸೇರುತ್ತವೆ.

3. ಗಂಡನ ಪರೀಕ್ಷೆ

ಮಕ್ಕಳಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧ ಪಾಲಿನವರಲ್ಲಿ ಗಂಡನ ಕಡೆಯ ಕೊರತೆಯು ಒಂಟಿಯಾಗಿಯಾಗಲಿ ಹೆಂಡತಿಯ ಕೊರತೆಯ ಸಂಗಡವಾಗಲಿ ಇರುತ್ತದೆ. ಹೀಗಿರಲಾಗಿ ವೀರ್ಯಪರೀಕ್ಷೆಯನ್ನು ಮೊದಲಲ್ಲಿಯೇ ಮಾಡಿಸತಕ್ಕದ್ದು. ಅದರಲ್ಲಿ ನೋವಿಲ್ಲ, ಸೂಜಿಯಿಲ್ಲ, ಖರ್ಚೂ ಹೆಚ್ಚಿಲ್ಲ. ಆದರೂ ನಮ್ಮ ಗಂಡಸರು ಹೆಂಡತಿಗೆ ಶಸ್ತ್ರಚಿಕಿತ್ಸೆಯಾದರೂ ಆಗಲಿ, ತಾವು ಮಾತ್ರ ಆ ಚಿಕ್ಕ ಶೀಸೆಯನ್ನು ಕೈಯಲ್ಲಿ ಹಿಡಿಯಲಾರೆವೆನ್ನುತ್ತಾರೆ. ಇದಕ್ಕೆ ಕಾರಣವು ಒಂದು ತಪ್ಪು ತಿಳುವಳಿಕೆ. ಗಂಡಸುತನ ಬೇರೆ, ವೀರ್ಯದ ಗುಣ ಬೇರೆ. ಮೈಯಲ್ಲಿ ಬಲವುಳ್ಳವನಾಗಿ ದಾಂಪತ್ಯದಲ್ಲಿ ಏನೂ ಕಡಿಮೆಯಿಲ್ಲದವನ ವೀರ್ಯದಲ್ಲಿಯೂ ವೀರ್ಯಾಣುಗಳು ಇಲ್ಲದಿರಬಹುದು. ಅದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನಗಳ ಸಂಯಮವಿರಬೇಕು. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳೂ ಅವುಗಳಲ್ಲಿ ನೂರಕ್ಕೆ 42ರಷ್ಟು ಚಲಿಸುವವುಗಳೂ ಇರುವದು ಕೆಳಗಿನ ಮಿತಿ. ಇದು ತೇರ್ಗಡೆ ನಪಾಸುಗಳ ಗೆರೆಯಲ್ಲ. ಇದಕ್ಕಿಂತ ಕಡಿಮೆಯಿದ್ದವರಿಗೂ ಮಕ್ಕಳಾದದ್ದುಂಟು. ವೀರ್ಯಾಣುವು ಹುಟ್ಟಿ ಬಲಿಯುವದಕ್ಕೆ ಸುಮಾರು ಎರಡೂವರೆ ತಿಂಗಳು ಹಿಡಿಯುವದರಿಂದ, ಕಳೆದ ತಿಂಗಳಲ್ಲಿ ಬಂದ ಬಲವಾದ ಜ್ವರವು ಈ ತಿಂಗಳ ಪರೀಕ್ಷೆಯನ್ನು ಕೆಡಿಸಬಹುದು. ಆದಕಾರಣ ಒಂದು ಸಾರಿ ಕಡಿಮೆ ಕಂಡರೆ ಎದೆಗೆಡದೆ ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸತಕ್ಕದ್ದು.

ಪ್ರಯೋಗಶಾಲೆಯ ಚೀಟಿ ಬಂದ ಮಾತ್ರಕ್ಕೆ ಗಂಡನ ವಿಚಾರಣೆ ಮುಗಿಯಲಿಲ್ಲ. ದೊಡ್ಡವನಾದ ಮೇಲೆ ಮಂಗನಬಾವು ಬಂದು ವೃಷಣವು ಊದಿಕೊಂಡಿತ್ತೋ? ಚಿಕ್ಕಂದಿನಲ್ಲಿ ವೃಷಣವು ಕೆಳಗಿಳಿಯದೆ ಇತ್ತೋ? ಅಲ್ಲಿಯ ರಕ್ತನಾಳಗಳು ಹುರಿಯಂತೆ ಉಬ್ಬಿವೆಯೋ? ಮೈ ಬೆಳೆಸುವದಕ್ಕೆಂದು ವ್ಯಾಯಾಮಶಾಲೆಯಲ್ಲಿ ಕೊಡುವ ಸೂಜಿಗಳನ್ನು ಹಾಕಿಸಿಕೊಂಡಿದ್ದಾನೋ? ಈ ಕೊನೆಯದನ್ನು ವಿಶೇಷವಾಗಿ ಕೇಳಬೇಕು. ಯಾಕಂದರೆ ಗಂಡಸಿನ ಶಕ್ತಿಗೆಂದು ಕೊಡುವ ಟೆಸ್ಟೊಸ್ಟಿರೋನು ಹೊರಗಿನಿಂದ ಒಳಗೆ ಹೋದಾಗ ದೇಹವು ವೀರ್ಯಾಣುಗಳನ್ನು ಹುಟ್ಟಿಸುವದನ್ನೇ ನಿಲ್ಲಿಸಿಬಿಡುತ್ತದೆ. ತೋಳು ದಪ್ಪವಾಗುತ್ತದೆ, ಬೀಜವು ಬರಿದಾಗುತ್ತದೆ.

4. ಹೆಂಡತಿಯ ಪರೀಕ್ಷೆ

ಇಲ್ಲಿ ನೋಡತಕ್ಕ ಮುಖ್ಯ ಸಂಗತಿಗಳು ಮೂರು: ಅಂಡವು ಬೀಳುತ್ತದೋ, ನಾಳಗಳು ತೆರೆದಿವೆಯೋ, ಗರ್ಭಕೋಶವು ಸರಿಯಾಗಿದೆಯೋ.

ಮುಟ್ಟು ತಿಂಗಳು ತಿಂಗಳು ಕ್ರಮವಾಗಿ ಬರುವವಳಿಗೆ ಬಹುಮಟ್ಟಿಗೆ ಅಂಡವು ಬೀಳುತ್ತಲೇ ಇರುತ್ತದೆ. ಇದನ್ನು ಖಚಿತಪಡಿಸಿಕೊಳ್ಳುವದಕ್ಕೆ ಪ್ರೊಜೆಸ್ಟಿರೋನೆಂಬ ರಸವನ್ನು ರಕ್ತದಲ್ಲಿ ಅಳೆಯುತ್ತಾರೆ. ಈ ಪರೀಕ್ಷೆಯನ್ನು 21ನೆಯ ದಿನದಲ್ಲಿ ಮಾಡಬೇಕೆಂದು ಅನೇಕರು ಬಾಯಿಪಾಠ ಮಾಡಿಕೊಂಡಿದ್ದಾರೆ; ಅದು 28 ದಿನಗಳಿಗೊಮ್ಮೆ ಮುಟ್ಟಾಗುವವಳಿಗೆ ಮಾತ್ರ ಸರಿ. 35 ದಿನಗಳಿಗೊಮ್ಮೆ ಆಗುವವಳಿಗೆ 28ನೆಯ ದಿನದಲ್ಲಿ, ಅಂದರೆ ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ, ಮಾಡತಕ್ಕದ್ದು. ಅವಳಿಗೆ 21ನೆಯ ದಿನದಲ್ಲಿ ಮಾಡಿದರೆ ಅಂಡವಿನ್ನೂ ಬೀಳುವ ಹೊತ್ತಾಗಿರುವದರಿಂದ ಅದು ಬೀಳಲೇ ಇಲ್ಲವೆಂಬ ಸುಳ್ಳುತ್ತರ ಬರುವದು. ಆದದರಿಂದ ಆಸ್ಪತ್ರೆಗೆ ಹೋಗುವಾಗ ಆರು ತಿಂಗಳ ಮುಟ್ಟಿನ ತಾರೀಕುಗಳನ್ನು ಬರೆದುಕೊಂಡು ಹೋಗುವದು ಹತ್ತು ಚೀಟಿಗಳಿಗಿಂತ ಹೆಚ್ಚು ಉಪಯುಕ್ತ.

ನಾಳಗಳನ್ನು ನೋಡುವದಕ್ಕೆ ಮುಟ್ಟು ನಿಂತ ಮೇಲೆ ಗರ್ಭಕೋಶದೊಳಗೆ ಒಂದು ದ್ರವವನ್ನು ಬಿಟ್ಟು ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಗರ್ಭಕೋಶವನ್ನೂ ಅಂಡಾಶಯಗಳನ್ನೂ ಸ್ಕ್ಯಾನಿಂಗಿನಿಂದ ನೋಡುತ್ತಾರೆ. ಮುಟ್ಟಿನ ನೋವು ವರುಷದಿಂದ ವರುಷಕ್ಕೆ ಹೆಚ್ಚುತ್ತಿದ್ದರೆ, ಕೂಡುವಾಗಲೂ ಒಳಗೆ ನೋವಿದ್ದರೆ, ಅದನ್ನು ಮರೆಮಾಡಬಾರದು. ಎಂಡೊಮೆಟ್ರಿಯೋಸಿಸ್ ಎಂಬ ರೋಗವು ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬಳಿಗೆ ಇರುತ್ತದೆ. ಅದು ಸ್ಕ್ಯಾನಿಂಗಿನಲ್ಲಿ ಯಾವಾಗಲೂ ಕಾಣುವದಿಲ್ಲ. "ಹೆಂಗಸರಿಗೆ ನೋವು ಇದ್ದದ್ದೇ" ಎಂದು ಹೇಳಿ ಸುಮ್ಮನಾಗಿಸಿದ ಮನೆಯಲ್ಲಿ ಇದು ಎಷ್ಟೋ ವರುಷಗಳು ಅಡಗಿರುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯಕೂಡದು. ಕ್ಷಯರೋಗವು ಶ್ವಾಸಕೋಶದಲ್ಲಿ ಮಾತ್ರ ಇರುವದಿಲ್ಲ. ಕೆಮ್ಮಿಲ್ಲದೆ, ಜ್ವರವಿಲ್ಲದೆ, ಗರ್ಭನಾಳಗಳಲ್ಲಿ ಮೌನವಾಗಿ ಕೂತು ಅವುಗಳನ್ನು ಕಟ್ಟಿಹಾಕುವದು. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೋ ಎಂದು ಕೇಳದ ವಿಚಾರಣೆಯು ಅರೆವಿಚಾರಣೆ. ಕಂಡುಬಂದರೆ ಸರಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧವು ಹಣವಿಲ್ಲದೆ ದೊರೆಯುತ್ತದೆ. ಬೇಗನೆ ಕಂಡರೆ ಮಾತ್ರ ನಾಳಗಳನ್ನು ಉಳಿಸಿಕೊಳ್ಳಬಹುದು.

5. ಇಡೀ ದೇಹವೂ ದಿನದ ಕೆಲಸವೂ

ಗರ್ಭವು ಗರ್ಭಕೋಶದ ಕೆಲಸ ಮಾತ್ರವಲ್ಲ. ಗಂಟಲಿನ ಥೈರಾಯಿಡು ಗ್ರಂಥಿಯು ಸರಿಯಾಗಿ ಕೆಲಸ ಮಾಡದಿದ್ದರೆ ಅಂಡವು ಬೀಳುವದು ಕೆಡುತ್ತದೆ. ತೂಕವು ಬಹಳ ಹೆಚ್ಚಾದರೂ ಬಹಳ ಕಡಿಮೆಯಾದರೂ ಹಾಗೆಯೇ. ಮಗುವಿಲ್ಲದ ಹೆಂಗಸಿನ ಮೊಲೆಯಲ್ಲಿ ಹಾಲು ಕಂಡರೆ ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಮನೋರೋಗಕ್ಕೂ ವಾಂತಿಗೂ ಕೊಡುವ ಕೆಲವು ಔಷಧಗಳಿಂದಲೂ ಇದು ಬರುತ್ತದೆ. ಆದಕಾರಣ ಗಂಡಹೆಂಡಿರಿಬ್ಬರೂ ತಾವು ತಿನ್ನುವ ಮಾತ್ರೆ, ಪುಡಿ, ಲೇಹ್ಯಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡುವದು ಒಳ್ಳೇದು. ಒಳಗೇನಿದೆಯೆಂದು ಹೇಳದವರ ಪುಡಿಯನ್ನಾದರೋ ತಿನ್ನಲೇ ಬಾರದು. ಬೀಡಿ, ಸಿಗರೇಟು, ಮದ್ಯ ಇವು ಇಬ್ಬರ ಬೀಜಕ್ಕೂ ಹಾನಿ.

ಕೆಲಸವನ್ನು ಯಾಕೆ ಕೇಳಬೇಕೆಂಬದಕ್ಕೆ ಒಂದು ನಿಜವಾದ ದೃಷ್ಟಾಂತವುಂಟು. ಅಮೇರಿಕದ ಕ್ಯಾಲಿಫೋರ್ನಿಯದ ಲೇಥ್ರಪ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಗಿಡದ ಬೇರನ್ನು ತಿನ್ನುವ ಹುಳಗಳನ್ನು ಕೊಲ್ಲುವದಕ್ಕೆ ಡಿ.ಬಿ.ಸಿ.ಪಿ. ಎಂಬ ವಿಷವನ್ನು ತಯಾರಿಸುತ್ತಿದ್ದರು. 1977ರಲ್ಲಿ ಅಲ್ಲಿಯ ಕೆಲಸಗಾರರು ತಮ್ಮೊಳಗೆ ಮಾತಾಡಿಕೊಳ್ಳುವಾಗ, ತಮ್ಮಲ್ಲಿ ಬಹಳ ಮಂದಿಗೆ ಈಚೆಗೆ ಮಕ್ಕಳೇ ಆಗಲಿಲ್ಲವೆಂಬದನ್ನು ಗಮನಿಸಿದರು. ವೀರ್ಯವನ್ನು ಪರೀಕ್ಷಿಸಿದಾಗ ಹಲವರಲ್ಲಿ ವೀರ್ಯಾಣುಗಳು ಅತಿ ಕಡಿಮೆಯಾಗಿದ್ದವು, ಕೆಲವರಲ್ಲಿ ಒಂದೂ ಇರಲಿಲ್ಲ. ಅವರ ಹೆಂಡತಿಯರನ್ನು ಎಷ್ಟು ಪರೀಕ್ಷಿಸಿದ್ದರೂ ಕಾರಣವು ಸಿಕ್ಕುತ್ತಿರಲಿಲ್ಲ; ಯಾಕಂದರೆ ಅದು ಕಾರ್ಖಾನೆಯ ಗಾಳಿಯಲ್ಲಿತ್ತು. ಆ ವಿಷವು ಈಗ ನಮ್ಮ ದೇಶದಲ್ಲಿಯೂ ನಿಷೇಧಿಸಲ್ಪಟ್ಟಿದೆ. ಎಲ್ಲಾ ಕೀಟನಾಶಕಗಳೂ ಹೀಗೆಯೇ ಮಾಡುತ್ತವೆಂದು ಹೇಳಕೂಡದು. ಆದರೂ ಬರಿಗೈಯಿಂದ ವಿಷವನ್ನು ಕಲಸಿ, ಮುಖಕ್ಕೆ ಬಟ್ಟೆ ಕಟ್ಟದೆ ಸಿಂಪಡಿಸಿ, ಅದೇ ಅಂಗಿಯಲ್ಲಿ ಊಟಕ್ಕೆ ಕೂತುಕೊಳ್ಳುವ ನಮ್ಮ ರೈತರು ಈ ಸಂಗತಿಯಿಂದ ಬುದ್ಧಿ ಕಲಿಯಬೇಕು. ಕುಲುಮೆ, ಭಟ್ಟಿ ಮುಂತಾದ ಬಹಳ ಬಿಸಿಯಿರುವಲ್ಲಿ ದಿನವೆಲ್ಲಾ ದುಡಿಯುವವನೂ ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು. ಯಾಕಂದರೆ ವೀರ್ಯಾಣುವಿಗೆ ತಂಪು ಬೇಕು.

6. ಮನಸ್ಸೂ ಮನೆಯೂ

ಚಿಂತೆಯಿಂದಲೇ ಮಕ್ಕಳಾಗುವದಿಲ್ಲವೆಂದು ಹೇಳುವವರು ಬಹಳ ಮಂದಿ. ಹಾಗೆ ಹೇಳುವದಕ್ಕೆ ಸಾಕಷ್ಟು ಆಧಾರವಿಲ್ಲ. ಅಳುವವಳಿಗೆ, ನಿನ್ನ ಅಳುವೇ ಕಾರಣವೆನ್ನುವದು ಅವಳ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವದಾಗಿದೆ. ಆದರೆ ಮಕ್ಕಳಿಲ್ಲದಿರುವದರಿಂದ ಚಿಂತೆಯು ಬರುವದೂ, ಅದರಿಂದ ಗಂಡಹೆಂಡಿರು ಒಬ್ಬರಿಂದೊಬ್ಬರು ದೂರವಾಗುವದೂ ನಿಜ. ಇನ್ನೂ ಒಂದು ಗುಟ್ಟುಂಟು. ಭಯದಿಂದಾಗಲಿ ನೋವಿನಿಂದಾಗಲಿ ನಾಚಿಕೆಯಿಂದಾಗಲಿ ವರುಷಗಳಾದರೂ ದಾಂಪತ್ಯಸಂಗವು ಪೂರ್ಣವಾಗಿ ನಡೆಯದೆ ಇರುವ ದಂಪತಿಗಳಿದ್ದಾರೆ. ಅತ್ತೆಯು ಪಕ್ಕದಲ್ಲಿ ಕೂತಿರುವಾಗ ಅವರು ಅದನ್ನು ಹೇಗೆ ಹೇಳಿಯಾರು? ಆದದರಿಂದ ಒಳ್ಳೆಯ ವೈದ್ಯರು ಗಂಡಹೆಂಡಿರನ್ನು ಒಟ್ಟಾಗಿಯೂ ಕೇಳುತ್ತಾರೆ, ಒಬ್ಬೊಬ್ಬರನ್ನಾಗಿಯೂ ಕೇಳುತ್ತಾರೆ. ಹಿರಿಯರನ್ನು ಹೊರಗೆ ಕೂತುಕೊಳ್ಳುವಂತೆ ಹೇಳುತ್ತಾರೆ. ಹಿರಿಯರು ಅದನ್ನು ಅವಮಾನವೆಂದು ಎಣಿಸಬಾರದು. ಈ ಅಡ್ಡಿಗೆ ಪರಿಹಾರವುಂಟು.

ಎಲ್ಲವನ್ನೂ ಕೂಡಿಸಿ ನೋಡುವದೆಂದರೆ ಪಟ್ಟಣದಲ್ಲಿ ಸಿಕ್ಕುವ ಪರೀಕ್ಷೆಗಳೆಲ್ಲವನ್ನೂ ಮಾಡಿಸುವದೆಂದು ತಿಳಿಯಬಾರದು. ಯುರೋಪಿನ ಮಾನವ ಸಂತಾನೋತ್ಪತ್ತಿ ಹಾಗೂ ಭ್ರೂಣಶಾಸ್ತ್ರ ಸಂಘವು 2023ರಲ್ಲಿ ಈ ವಿಷಯವಾಗಿಯೇ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು. ವೀರ್ಯಪರೀಕ್ಷೆ ಸರಿಯಾಗಿರುವಾಗ ವೀರ್ಯಾಣುವಿನ ಡಿ.ಎನ್.ಎ. ಪರೀಕ್ಷೆಯೂ, ರೋಗದ ಸಂಶಯವಿಲ್ಲದಿರುವಾಗ ಎಲ್ಲಾ ಹೆಂಗಸರ ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವದೂ ಬೇಡವೆಂದು ಅದರಲ್ಲಿ ತಿಳಿಸಿದ್ದಾರೆ. ಪೂರ್ಣವಾದ ಶೋಧನೆಗೆ ಮುಖ್ಯವಾಗಿ ಬೇಕಾದದ್ದು ಹಣವಲ್ಲ. ಸರಿಯಾದ ಪ್ರಶ್ನೆಗಳೂ ನಾಚಿಕೆಯಿಲ್ಲದ ಉತ್ತರಗಳೂ ಬೇಕು.

7. ಇಷ್ಟಾದರೂ ಏನೂ ಕಾಣದಿದ್ದರೆ

ಅಂಡವು ಬೀಳುತ್ತದೆ, ನಾಳಗಳು ತೆರೆದಿವೆ, ಗರ್ಭಕೋಶವು ಸರಿ, ವೀರ್ಯವು ಸರಿ, ಕೂಡಿ ಬಾಳಿದ್ದೂ ಸರಿ, ಆದರೂ ಗರ್ಭವಿಲ್ಲ ಎಂಬ ಸ್ಥಿತಿಗೆ ಮಾತ್ರ 'ಕಾರಣ ಕಾಣದ ಬಂಜೆತನ' ಎಂಬ ಹೆಸರು ಸಲ್ಲುತ್ತದೆ. ಪರೀಕ್ಷೆಗೆ ಬರುವ ನೂರು ದಂಪತಿಗಳಲ್ಲಿ 30ರ ವರೆಗೆ ಈ ಹೆಸರು ಬೀಳುತ್ತದೆ. ಕಾರಣವಿಲ್ಲವೆಂದು ಇದರ ಅರ್ಥವಲ್ಲ. ನಮ್ಮ ಪರೀಕ್ಷೆಗಳು ಅದನ್ನು ಕಾಣಲಾರವೆಂದು ಅರ್ಥ. ಅಂಡದ ಒಳಗಣ ಗುಣವನ್ನೂ, ಎರಡು ಬೀಜಗಳು ಒಂದಾಗುವ ಗಳಿಗೆಯನ್ನೂ, ಅದು ಗರ್ಭಕೋಶದ ಗೋಡೆಗೆ ಅಂಟುವ ಬಗೆಯನ್ನೂ ಈ ಸಾಮಾನ್ಯ ಪರೀಕ್ಷೆಗಳು ತೋರಿಸಲಾರವು. ಬಾವಿಯ ತಳವು ಕಣ್ಣಿಗೆ ಕಾಣದಿದ್ದರೆ ನಮ್ಮ ಹಗ್ಗವು ಚಿಕ್ಕದೆನ್ನಬೇಕೇ ಹೊರತು ಬಾವಿಗೆ ಶಾಪವಿದೆಯೆನ್ನಬಾರದು.

ಶಾಪವೆನ್ನುವವರು ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ತೆರೆದು ನೋಡಲಿ. ಜಕರೀಯನೂ ಎಲಿಸಬೇತಳೂ ಮುದಿಪ್ರಾಯದ ವರೆಗೆ ಮಕ್ಕಳಿಲ್ಲದವರಾಗಿದ್ದರು. ಆದರೂ ಅವರಿಬ್ಬರೂ ನೀತಿವಂತರೆಂದು ಅಲ್ಲಿ ಸಾಕ್ಷಿಯಿದೆ. ಒಬ್ಬಳ ಹೆಸರು ಮಾತ್ರವಲ್ಲ, ಇಬ್ಬರ ಹೆಸರೂ ಅಲ್ಲಿ ಇರುವದನ್ನು ಗಮನಿಸಬೇಕು.

ಈ ಸ್ಥಿತಿಯಲ್ಲಿ ನಿರೀಕ್ಷೆಗೆ ಆಧಾರವುಂಟು. ನೆದರ್ಲೆಂಡ್ ದೇಶದಲ್ಲಿ ಕಾರಣ ಕಾಣದ 253 ದಂಪತಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದು ಪಂಗಡಕ್ಕೆ ಆರು ತಿಂಗಳು ಅಂಡವನ್ನು ಹೆಚ್ಚಿಸುವ ಔಷಧವನ್ನೂ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯನ್ನೂ ಕೊಟ್ಟರು; ಇನ್ನೊಂದು ಪಂಗಡದವರು ಸುಮ್ಮನೆ ಕಾದರು. ಇವರು ತಾವಾಗಿಯೇ ಗರ್ಭವಾಗುವ ಸಂಭವ ಸಾಧಾರಣವಾಗಿ ಇದ್ದವರು. 2006ರಲ್ಲಿ ಪ್ರಕಟವಾದ ಫಲವೇನಂದರೆ, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 23 ಮಂದಿಗೂ ಕಾದವರಲ್ಲಿ ನೂರಕ್ಕೆ 27 ಮಂದಿಗೂ ಗರ್ಭವು ನಿಂತಿತು. ಆದದರಿಂದ ಹೆಂಡತಿಗೆ ವಯಸ್ಸು ಕಡಿಮೆಯಿದ್ದು, ಕಾದ ಕಾಲವೂ ಹೆಚ್ಚಾಗದಿದ್ದರೆ, ವೈದ್ಯರ ಸಲಹೆಯಿಂದ ಇನ್ನು ಆರು ತಿಂಗಳು ಕಾಯುವದು ಸೋಮಾರಿತನವಲ್ಲ, ವಿವೇಕ. ಆ ಕಾಲದಲ್ಲಿ ಹೊಗೆಸೊಪ್ಪನ್ನು ಬಿಡುವದು, ತೂಕವನ್ನು ಸರಿಪಡಿಸುವದು, ಹೆಂಡತಿಯು ದಿನಕ್ಕೆ 400 ಮೈಕ್ರೊಗ್ರಾಮಿನ ಫೋಲಿಕ್ ಆಮ್ಲದ ಮಾತ್ರೆಯನ್ನು ತಕ್ಕೊಳ್ಳುವದು ಒಳ್ಳೇದು. ಈ ಮಾತ್ರೆಯು ಹುಟ್ಟುವ ಕೂಸಿನ ಬೆನ್ನುಹುರಿಯನ್ನು ಕಾಯುತ್ತದೆ.

ಅಂಡವು ಕ್ರಮವಾಗಿ ಬೀಳುವವಳಿಗೆ ಅಂಡ ಬೀಳಿಸುವ ಮಾತ್ರೆಯನ್ನು ಮಾತ್ರ ತಿಂಗಳುಗಟ್ಟಲೆ ಕೊಡುತ್ತ ಹೋಗುವದರಿಂದ ಲಾಭವಿಲ್ಲವೆಂಬದು ಸ್ಕಾಟ್ಲೆಂಡಿನಲ್ಲಿ ಮಾಡಿ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ತಿಳಿಯಿತು. ಮಾತ್ರೆ ತಿಂದವರಲ್ಲಿ ನೂರಕ್ಕೆ 14, ಕಾದವರಲ್ಲಿ ನೂರಕ್ಕೆ 17 ಮಂದಿಗೆ ಮಕ್ಕಳಾದವು. ಕಾಯುವದು ಸಾಕೆಂದು ಕಂಡಾಗ, ಔಷಧದೊಂದಿಗೆ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯು ಮೊದಲನೆಯದು. ಅದು ಫಲಿಸದಿದ್ದರೆ ದೇಹದ ಹೊರಗೆ ಬೀಜಗಳನ್ನು ಕೂಡಿಸುವ ಐ.ವಿ.ಎಫ್. ಎಂಬದು ಎರಡನೆಯದು. ಇದಕ್ಕೆ ಬಹಳ ಹಣ ಹಿಡಿಯುತ್ತದೆ, ಪ್ರತಿಸಾರಿಯೂ ಫಲಿಸುವದಿಲ್ಲ. ನಮ್ಮ ದೇಶದ 2021ರ ಕಾಯಿದೆಯ ಪ್ರಕಾರ ಇಂಥ ಚಿಕಿತ್ಸಾಲಯವು ನೋಂದಾಯಿಸಲ್ಪಟ್ಟಿರಬೇಕು, ಖರ್ಚನ್ನೂ ಅಪಾಯವನ್ನೂ ಮುಂಚಿತವಾಗಿ ತಿಳಿಸಬೇಕು. ಹೊಲವನ್ನು ಅಡವಿಡುವದಕ್ಕೆ ಮುಂಚೆ ನೋಂದಣಿಯ ಪತ್ರವನ್ನು ಕೇಳಿ ನೋಡಿರಿ. ಪೂರ್ಣವಾಗಿ ಶೋಧಿಸದೆ, ಗಂಡನ ಪರೀಕ್ಷೆಯನ್ನೂ ಮಾಡದೆ, ಮೊದಲನೆಯ ದಿನವೇ ದೊಡ್ಡ ಚಿಕಿತ್ಸೆಯ ಮಾತಾಡುವಲ್ಲಿ ಎಚ್ಚರವಾಗಿರಿ.

ಇನ್ನೂ ಆಗದಿದ್ದರೆ ದತ್ತು ತಕ್ಕೊಳ್ಳುವ ದಾರಿಯುಂಟು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಕ್ರೈಸ್ತ ದಂಪತಿಗಳೂ ಕ್ರಮವಾಗಿ ದತ್ತು ತಕ್ಕೊಳ್ಳಬಹುದು. ಅವರು ಎರಡು ವರುಷಗಳಾದರೂ ನೆಮ್ಮದಿಯಾಗಿ ದಾಂಪತ್ಯ ನಡಿಸಿರಬೇಕು. ಮಗು ಇಲ್ಲದೆ ಇಬ್ಬರೇ ಒಬ್ಬರಿಗೊಬ್ಬರು ಆಸರೆಯಾಗಿ ಬಾಳುವದೂ ಪೂರ್ಣವಾದ ಬಾಳೇ. ಮಕ್ಕಳಿಲ್ಲವೆಂಬ ಒಂದೇ ಕಾರಣದಿಂದ ಮದುವೆಯನ್ನು ಮುರಿಯುವದಕ್ಕೆ ನಮಗೆ ಸಲ್ಲುವ 1869ರ ವಿವಾಹವಿಚ್ಛೇದನದ ಕಾಯಿದೆಯಲ್ಲಿ ಎಡೆಯಿಲ್ಲ.

8. ನೆರೆಯವರು ಮಾಡತಕ್ಕದ್ದು

ದಂಪತಿಗಳ ಶೋಧನೆಯು ವೈದ್ಯರ ಕೆಲಸ. ಅದಕ್ಕೆ ಬೇಕಾದ ಧೈರ್ಯವನ್ನು ಉಳಿಸುವದು ನಮ್ಮ ಕೆಲಸ. ಅತ್ತೆಯಾದವಳು, ಆಸ್ಪತ್ರೆಗೆ ನನ್ನ ಮಗನೂ ಹೋಗಲಿ ಎಂದು ಹೇಳಿದರೆ ಅರ್ಧ ದಾರಿ ಸವೆದಂತಾಯಿತು. ಗಂಡನು, ಮೊದಲು ನನ್ನನ್ನೇ ಪರೀಕ್ಷಿಸಿರಿ ಎಂದು ಮುಂದೆ ಬಂದರೆ ಅದಕ್ಕಿಂತ ದೊಡ್ಡ ಗಂಡಸುತನವಿಲ್ಲ. ನೆರೆಹೊರೆಯವರು ದೀಕ್ಷಾಸ್ನಾನಕ್ಕೂ ಮದುವೆಗೂ ಈ ದಂಪತಿಗಳನ್ನು ಎಲ್ಲರಂತೆ ಕರೆಯಲಿ, ಕೂಸನ್ನು ಅವಳ ಕೈಗೂ ಕೊಡಲಿ, "ಏನಾದರೂ ವಿಶೇಷವುಂಟೋ" ಎಂಬ ಪ್ರಶ್ನೆಯನ್ನು ಬಿಟ್ಟುಬಿಡಲಿ.

ಕೂಟದಲ್ಲಿ ಮಾತಾಡತಕ್ಕ ಪ್ರಶ್ನೆಗಳು

1. ಮಕ್ಕಳಾಗದ ಮನೆಯಲ್ಲಿ ಮೊದಲು ಯಾರನ್ನು ಪರೀಕ್ಷೆಗೆ ಕಳುಹಿಸುತ್ತೇವೆ? ಯಾಕೆ?
2. ಹೆಂಡತಿಯ ವಯಸ್ಸಿಗೆ ತಕ್ಕಂತೆ ಎಷ್ಟು ಕಾಲ ಕಾಯಬಹುದು? ಯಾರು ಕಾಯಬಾರದು?
3. ಲೇಥ್ರಪ್ ಊರಿನ ಕೆಲಸಗಾರರ ಸಂಗತಿಯಿಂದ ನಮ್ಮ ಹೊಲಗಳಲ್ಲಿ ಬದಲಾಯಿಸತಕ್ಕ ಅಭ್ಯಾಸಗಳು ಯಾವವು?
4. "ಕಾರಣ ಕಾಣಲಿಲ್ಲ" ಎಂಬದಕ್ಕೂ "ಕಾರಣವಿಲ್ಲ" ಎಂಬದಕ್ಕೂ ಇರುವ ಭೇದವೇನು?
5. ನಮ್ಮ ಸಭೆಯಲ್ಲಿ ಮಕ್ಕಳಿಲ್ಲದ ದಂಪತಿಗಳ ಮನಸ್ಸನ್ನು ನೋಯಿಸುವ ಮಾತುಗಳು ಯಾವವು? ಅವುಗಳಲ್ಲಿ ಯಾವದನ್ನು ಈ ತಿಂಗಳಿಂದ ಬಿಡುವೆವು?